ಶಾಂಬ್ರೇಯ ಹೊಸ ಗಂಟೆ

ಶಾಂಬ್ರೇ,
ಮಂಗಳವಾರ, 14 ಸೆಪ್ಟೆಂಬರ್ 1926

ಪ್ರೀತಿಯ ಮಗಳೇ ಲಿಯೋನಿ,

ಹೇಗಿದ್ದೀಯ? ಪುಟ್ಟಿಗೆ ಹಲ್ಲು ಬರುವ ಜ್ವರ ಬಿಟ್ಟಿತೇ? ಒಣಗಿದ ರೊಟ್ಟಿಯ ತುದಿ ಕಡಿಯಲು ಕೊಡು, ನೀನೂ ಅದನ್ನೇ ಕಡಿದು ಬೆಳೆದವಳು. ನನ್ನ ಮಂಡಿನೋವು ಹಾಗೇ ಇದೆ. ನಿಮ್ಮಪ್ಪ ಗಟ್ಟಿಯಾಗಿದ್ದಾರೆ, ಕಿವಿ ಮಾತ್ರ ಮಂದ. ಚರ್ಚಿನ ಗೋಪುರದಲ್ಲಿ ಇಷ್ಟು ವರ್ಷ ಗಂಟೆ ಹೊಡೆದವರ ಕಿವಿ ಇನ್ನೇನಾದೀತು?

ಊರಿನ ಸುದ್ದಿಯೆಂದರೆ ಈಗ ಗಂಟೆಯದೇ. ಜೂನ್‌ನಲ್ಲಿ ದ್ರಾಕ್ಷಿ ತೋಟಗಳ ಮೇಲೆ ಆಲಿಕಲ್ಲಿನ ಮೋಡ ಕವಿಯಿತು. ವಾಡಿಕೆಯಂತೆ ಮೋಡ ಚದುರಿಸಲು ನಿಮ್ಮಪ್ಪ ಗೋಪುರ ಹತ್ತಿ ಮೈಮೇಲೆ ಬಂದವರಂತೆ ಬಾರಿಸಿದರು. ಮೋಡವೂ ಹೋಯಿತು, ಗಂಟೆಯೂ ಹೋಯಿತು, ಅಂಚಿನಿಂದ ಮೇಲಿನವರೆಗೆ ಸೀಳು. ಆಲಿಕಲ್ಲು ಪಕ್ಕದ ಊರು ಪ್ರೆಲಿಯವರ ತೋಟಕ್ಕೆ ಬಿತ್ತು. ‘ನಿಮ್ಮ ದರಿದ್ರಾನ ನಮ್ಮ ತಲೆಗೆ ಕಟ್ಟಿದ್ರಲ್ಲೋ, ತಿಪ್ಪೆ ಗಂಟೆಯವ್ರೇ!’ ಎಂದು ಅವರು ಸಂತೆಯಲ್ಲಿ ಕೂಗಾಡಿದರು. ನೂರಮೂವತ್ತು ವರ್ಷದ ಹಿಂದೆ, ಕ್ರಾಂತಿಯ ಕಾಲದಲ್ಲಿ ಫಿರಂಗಿ ಎರಕಕ್ಕೆಂದು ಸರ್ಕಾರದವರು ಗಂಟೆಗಳನ್ನು ಒಯ್ಯಲು ಬಂದಾಗ ನಮ್ಮ ಹಿರಿಯರು ನಮ್ಮದನ್ನು ತಿಪ್ಪೆಯಲ್ಲಿ ಹೂತು ಉಳಿಸಿಕೊಂಡರು, ಪ್ರೆಲಿಯವರ ಹಿರಿಯರು ತೆಪ್ಪಗೆ ಕೊಟ್ಟುಬಿಟ್ಟರು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಅಂಥ ಗಂಟೆ ತನ್ನ ಕೈಯಲ್ಲಿ ಒಡೆಯಿತಲ್ಲ ಎಂದು ನಿಮ್ಮಪ್ಪ ಆಮೇಲೆ ಗೋಪುರದ ಕಡೆ ತಲೆಯೆತ್ತಿಲ್ಲ.

ಹಳೆಯದನ್ನು ಕರಗಿಸಿ ಹೊಸದನ್ನು ಹೊಯ್ಯಲು ಕೊಟ್ಟರು. ಗಂಟೆಗೆ ನಾಮಕರಣವಾಗಬೇಕಲ್ಲ, ಅದಕ್ಕೊಬ್ಬ ಧರ್ಮತಾಯಿ ಬೇಕು, ಅವಳ ಹೆಸರೇ ಗಂಟೆಗೂ. ಮೇಯರ್ ಹೆಂಡತಿ ತಾನೆಂದಳು, ಡಾಕ್ಟರ ಹೆಂಡತಿ ತಾನೆಂದಳು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರ ನಡುವೆ ಮಾತೇ ನಿಂತಿತು. ಕೊನೆಗೆ ಪಾದ್ರಿಗಳು ರೋಸಿಹೋಗಿ, ‘ಒಡೆದವನೇ ಹೆಸರಿಡ್ಲಿ! ಬಾರ್ತೆಲ್ಮಿ, ಎರಕದವರ ಹತ್ರ ಹೋಗಿ ನೀನೇ ಹೇಳಿ ಬಾ’ ಎಂದರು. ನಿಮ್ಮಪ್ಪ ಹೋಗಿ ಬಂದರು. ಯಾವ ಹೆಸರೆಂದು ನನಗೂ ಹೇಳಿಲ್ಲ. ಇಬ್ಬರು ಹೆಂಗಸರೂ ಮನೆಗೆ ಚೀಸು, ಜೇನು ಕಳಿಸುತ್ತಿದ್ದಾರೆ. ಇಬ್ಬರದನ್ನೂ ತಿನ್ನುತ್ತಿದ್ದೇವೆ.

ನಾಮಕರಣದ ದಿನ ಗಂಟೆಗೆ ತೊಡಿಸುವ ಬಿಳಿ ಅಂಗಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಅಂಚಿನ ಲೇಸು ಸಾಲಲಿಲ್ಲ. ‘ಪೆಟ್ಟಿಗೇಲಿ ಆ ಮಗುವಿನ ಅಂಗಿ ಇದ್ಯಲ್ಲ, ಅದರದ್ದು ಬಿಚ್ಚಿ ಹಾಕು’ ಎಂದರು ನಿಮ್ಮಪ್ಪ. ನಿನ್ನ ನಾಮಕರಣದ ಅಂಗಿ ಅದು. ಅದನ್ನೂ ಮನೆಯಲ್ಲಿ ಉಳಿಸುವುದಿಲ್ಲವಲ್ಲ ಈ ಮನುಷ್ಯ ಎಂದುಕೊಂಡೆ. ಆದರೂ ಬಿಚ್ಚಿದೆ, ಹೊಲಿದೆ. ‘ಒಂದು ದ್ರಾಕ್ಷಿ ಬಳ್ಳಿಯೂ ಇಲ್ಲದ ಇಟಲಿಯ ಗಾರೆ ಮೇಸ್ತ್ರಿ’ಯನ್ನು ನೀನು ಕಟ್ಟಿಕೊಂಡು ಹೋದ ದಿನದಿಂದ ನಿನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ‘ಮಾರ್ಸೇಯಿಂದ ಏನಾದ್ರೂ ಬಂತಾ?’ ಎಂದು ನೀನಿರುವ ಊರಿನ ಹೆಸರು ಹಿಡಿದು ಕೇಳುತ್ತಾರೆ, ಅಷ್ಟೇ. ನೀನೂ ಅವರ ಮಗಳೇ, ಕರೆಯದೆ ಬರುವವಳಲ್ಲ. ನೀವಿಬ್ಬರೂ ಯಾರದೋ ಶವಪೆಟ್ಟಿಗೆಯ ಪಕ್ಕ ಭೇಟಿಯಾಗುವುದು ನನಗೆ ಬೇಡ. ಇಬ್ಬರೂ ಬದುಕಿರುವಾಗಲೇ ನೀನು ಈ ಹೊಸ್ತಿಲು ದಾಟಬೇಕು.

ಹೊಸ ಗಂಟೆಯ ಗಾಡಿ ಇವತ್ತು ಬರುತ್ತದಂತೆ. ಅಳಿಯ ಮ್ಯಾಟಿಯೊಗೆ ನನ್ನ ನೆನಪು ಹೇಳು, ಪುಟ್ಟಿಗೆ ಎರಡು ಕೆನ್ನೆಗೂ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಯೂಜೆನಿ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಗಾಡಿ ಬಂತು, ಓಡಿದೆ. ಗಂಟೆಗೆ ಹೊದಿಸಿದ್ದ ಹುಲ್ಲು ಸರಿಸಿ ಪಾದ್ರಿಗಳು ಅದರ ಮೇಲಿದ್ದ ಬರಹವನ್ನು ಗಟ್ಟಿಯಾಗಿ ಓದಿದರು: ‘ನನ್ನ ಹೆಸರು ಲಿಯೋನಿ. ಗಂಟೆ ಹೊಡೆಯುವ ಬಾರ್ತೆಲ್ಮಿಯ ಮಗಳು ಲಿಯೋನಿ ನನ್ನ ಧರ್ಮತಾಯಿ.’ ಆ ಇಬ್ಬರು ಹೆಂಗಸರು ಮಾತು ಬಿಟ್ಟ ಮೇಲೆ ಮೊದಲ ಸಲ ಮಾತಾಡಿಕೊಂಡರು, ನಮ್ಮನ್ನು ಬೈಯಲು. ನಾನು ಅಲ್ಲೇ ಅತ್ತುಬಿಟ್ಟೆ. ನಿಮ್ಮಪ್ಪ ರೇಗಿದರು: ‘ಅಳ್ತಾ ನಿಂತ್ರೆ ಆಯ್ತಾ? ಕಾಗದ ಬರಿ. ಧರ್ಮತಾಯಿ ಮೊದಲು ಹಗ್ಗ ಎಳೀದೆ ನಾನು ಬಾರ್ಸೋ ಹಾಗಿಲ್ಲ. ಆ ಮೇಸ್ತ್ರೀನೂ ಬರ್ಲಿ, ಗೋಪುರದ ಮೆಟ್ಟಿಲು ಅಲ್ಲಾಡ್ತಾ ಇದೆ.’ ಅಕ್ಟೋಬರ್‌ನ ಮೊದಲ ಭಾನುವಾರ ನಾಮಕರಣಕ್ಕೆ ಬಿಷಪ್ ಬರುತ್ತಾರೆ. ಬಾ ಮಗಳೇ, ನೀನು ಬರುವ ತನಕ ಈ ಊರಿಗೆ ಗಂಟೆಯಿಲ್ಲ.