ನೀಲಿ ಟ್ರೈಲರಿನ ಬ್ರೇಕು

ಕೋಲ್ಟರ್ ಕ್ರೀಕ್, ಮೊಂಟಾನಾ
ಅಕ್ಟೋಬರ್ 9, ಗುರುವಾರ

ನನ್ನ ಅಕ್ಕನ ಮಗಳು, ನನ್ನ ಕೈಯಲ್ಲಿ ಪಳಗಿದ ಒಬ್ಬಳೇ ಶಿಷ್ಯೆ, ಪ್ರೀತಿಯ ಬ್ರಿಟಾ,

ಹೇಗಿದ್ದೀಯಾ ಕೂಸೇ? ಹಡಗಿನಲ್ಲಿ ಹೊಟ್ಟೆ ತೊಳಸುವುದು ನಿಂತಿತೇ? ಅಲಾಸ್ಕಾದ ಸಮುದ್ರದಲ್ಲಿ ಅಲೆಗಳು ನಮ್ಮ ಹುಲ್ಲಿನ ಕೊಟ್ಟಿಗೆಯಷ್ಟು ಎತ್ತರ ಏಳುತ್ತವೆ ಎಂದು ಬರೆದಿದ್ದೆ. ಒಣಶುಂಠಿ ಜಗಿ, ಉಣ್ಣೆಯ ಕಾಲುಚೀಲ ಎರಡೆರಡು ಹಾಕಿಕೊ, ಕ್ಯಾಪ್ಟನ್ ಬೈದರೆ ನನ್ನ ಹೆಸರು ಹೇಳು. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ, ನಮ್ಮ ಹಾಗೆಯೇ ಅದಕ್ಕೂ ಊರು ಬಿಟ್ಟು ಹೋಗಲು ಮನಸ್ಸಿಲ್ಲ. ನಿನ್ನ ಅಮ್ಮನ ಆರೋಗ್ಯ ಎಷ್ಟು ಚೆನ್ನಾಗಿದೆಯೆಂದರೆ ಮೂರು ದಿನದಿಂದ ನನ್ನನ್ನು ಉಸಿರು ತೆಗೆದುಕೊಳ್ಳದೆ ಬೈಯುತ್ತಿದ್ದಾಳೆ. ನಿನ್ನ ಹಡಗು ದಡ ಮುಟ್ಟುವವರೆಗೆ ಫೋನು ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಮುಂದೆ ಓದುವ ಮೊದಲೇ ಹೇಳಿಬಿಡುತ್ತೇನೆ, ಎದೆ ಹಿಡಿದುಕೊಳ್ಳಬೇಡ: ನಿನ್ನ ಕ್ಲೋವರ್ ಬದುಕಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗಲೇ ಬೇಲಿಯ ಮೇಲಿಂದ ಕತ್ತು ಚಾಚಿ ನನ್ನ ಟೋಪಿಯ ಅಂಚು ಕಡಿಯಲು ನೋಡುತ್ತಿದ್ದಾಳೆ. ಹತ್ತೊಂಬತ್ತು ವರ್ಷವಾದರೂ ಆ ಕುದುರೆಗೆ ಹಿರಿಯರೆಂದರೆ ಮರ್ಯಾದೆ ಇಲ್ಲ.

ಕಥೆಯನ್ನು ಟ್ರೈಲರಿನಿಂದ ಶುರು ಮಾಡಬೇಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನೀನು ಬರುವ ಹೊತ್ತಿಗೆ ಆಶ್ಚರ್ಯ ಇರಲಿ ಎಂದು ಕಳೆದ ತಿಂಗಳು ಕುದುರೆಯ ಟ್ರೈಲರಿಗೆ ಬಣ್ಣ ಹೊಡೆದೆ. ಹತ್ತು ವರ್ಷದವಳಿದ್ದಾಗ ನೀನು ಹಟ ಹಿಡಿದು ಕೇಳಿದ್ದೆಯಲ್ಲ, ಅದೇ ನೀಲಿ. ಬೇರೆಯವರಾಗಿದ್ದರೆ ಕಣ್ಣಿಗೆ ಕಾಣುವಲ್ಲಿ ಮಾತ್ರ ಬಳಿದು ಬಿಡುತ್ತಿದ್ದರು. ನಿನ್ನ ಮಾವ ಹಾಗೆ ಮಾಡುವವನೇ? ಒಂದೊಂದು ಬೋಲ್ಟು ಬಿಚ್ಚಿ ಅದರ ಬುಡಕ್ಕೂ ಎರಡು ಕೋಟು ಕೊಟ್ಟೆ. ಟ್ರಕ್ಕಿಗೆ ಸಿಕ್ಕಿಸುವ ಮುಂದಿನ ಮೂಕಿಯ ಕೆಳಗೆ ಅಂಗಾತ ಮಲಗಿ ಅಲ್ಲೂ ಹೊಡೆದೆ, ಸರಪಳಿಯ ಕೊಂಡಿಕೊಂಡಿಗೂ ಬಳಿದೆ. ಆ ಮೂಕಿ ಕೂರುವ, ಟ್ರಕ್ಕಿನ ಹಿಂದಿನ ಕಬ್ಬಿಣದ ಗುಂಡಿಗೆ ಮುಷ್ಟಿ ತುಂಬ ಗ್ರೀಸು ಮೆತ್ತಿದೆ. ಅಂಚೆಯವಳು ನಿಂತು ನೋಡಿ, ಇಂಥ ಕೆಲಸ ಪಟ್ಟಣದಲ್ಲೂ ಕಂಡಿಲ್ಲ ಎಂದಳು. ಅವಳಿಗೆ ಕನ್ನಡಕ ಇತ್ತು, ಕಂಡೇ ಹೇಳಿದಳು.

ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಬಂದರೆ ಕ್ಲೋವರ್ ನೆಲ ಕೆರೆಯುತ್ತಿದ್ದಳು. ಬೆವರಿ ಒದ್ದೆಯಾಗಿದ್ದಳು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದಳು, ಮಲಗುತ್ತಿದ್ದಳು, ಏಳುತ್ತಿದ್ದಳು. ಹೊಟ್ಟೆಗೆ ಕಿವಿಯಿಟ್ಟರೆ ಒಳಗೆ ಒಂದು ಸದ್ದೂ ಇಲ್ಲ. ಕರುಳು ಕಟ್ಟಿದೆ ಎಂದು ಗೊತ್ತಾಯಿತು. ಹೋಲ್ಟ್ ಪಟ್ಟಣದ ಡಾಕ್ಟರ್ ಪ್ರೂಯಿಟ್ ಫೋನಿನಲ್ಲೇ ಕ್ಲೋವರಳ ನಾಡಿ ಎಣಿಸಿ ಹೇಳಲು ಹೇಳಿದಳು, ಹೇಳಿದೆ. ಮಧ್ಯಾಹ್ನದೊಳಗೆ ಇಲ್ಲಿಗೆ ತನ್ನಿ, ತಡವಾದರೆ ಹೊಟ್ಟೆ ಕೊಯ್ಯಬೇಕಾಗುತ್ತದೆ, ಈ ವಯಸ್ಸಿಗೆ ಅದನ್ನು ತಡೆದುಕೊಳ್ಳುವ ಭರವಸೆ ನಾನು ಕೊಡಲಾರೆ ಎಂದಳು. ಹೊರಡುವ ದಿನ ನೀನು ಕ್ಲೋವರಳನ್ನು ನೋಡಿಕೊಳ್ಳುತ್ತೇವೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದು ನೆನಪಿದೆಯಲ್ಲ. ನಿನ್ನ ಅಮ್ಮ ಒಲೆ ಆರಿಸಿ, ಏಪ್ರನ್ ಸಮೇತ ಬಂದು ಟ್ರಕ್ಕಿನಲ್ಲಿ ಕೂತಳು. ಟ್ರೈಲರ್ ಸಿಕ್ಕಿಸಿದೆ, ಕ್ಲೋವರಳನ್ನು ಹತ್ತಿಸಿದೆ. ಅಂಗಳದಲ್ಲಿ ಹತ್ತು ಗಜ ಉರುಳಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ಪುಟ್ಟ ಪೆಟ್ಟಿಗೆಯ ಲಿವರ್ ಒತ್ತಿ ಟ್ರೈಲರಿನ ಬ್ರೇಕೊಂದೇ ಟ್ರಕ್ಕನ್ನೂ ಹಿಡಿದು ನಿಲ್ಲಿಸುತ್ತದೋ ಎಂದು ನೋಡುವ ಶಾಸ್ತ್ರವನ್ನು ನಿನಗೆ ಕಲಿಸಿದವನೇ ನಾನು. ಮಾಡಿದೆಯಾ ಎಂದು ನಿನ್ನ ಅಮ್ಮ ಕೇಳಿದಳು. ಮಾಡಿದೆ ಎಂದೆ.

ಹೆದ್ದಾರಿಗೆ ತಿರುಗುವ ಗೇಟಿನಲ್ಲಿ ಬ್ರೇಕು ಒತ್ತಿದರೆ ಟ್ರೈಲರು ಹಿಂದಿನಿಂದ ಹೋರಿಗರುವಿನ ಹಾಗೆ ಗುದ್ದಿತು. ಗಾಳಿ ಇರಬೇಕು ಎಂದೆ. ನಿನ್ನ ಅಮ್ಮ ಹುಲ್ಲಿನ ಕಡೆ ನೋಡಿದಳು, ಒಂದು ಎಸಳೂ ಅಲುಗುತ್ತಿರಲಿಲ್ಲ. ಎಲ್ಕ್ ಸ್ಯಾಡಲ್ ಘಾಟಿ ಹತ್ತುವಾಗ ಬ್ರೇಕಿನ ಗೊಡವೆಯೇ ಬೇಡವಲ್ಲ, ಸುಖವಾಗಿ ಹತ್ತಿದೆವು. ನೆತ್ತಿಯಲ್ಲಿ ಲಾರಿಗಳು ಬ್ರೇಕು ನೋಡಿಕೊಳ್ಳಲು ನಿಲ್ಲುವ ಜಾಗಕ್ಕೆ ಬಂದಾಗ ಪೆಟ್ಟಿಗೆಯ ಕಡೆ ಕಣ್ಣು ಹೋಯಿತು. ಟ್ರೈಲರಿನ ವೈರು ಸೇರಿದೆ ಎಂದು ತೋರಿಸುವ ಹಸಿರು ದೀಪ ಆರಿತ್ತು. ಲಿವರ್ ಒತ್ತಿದೆ, ಒತ್ತುತ್ತಲೇ ಇದ್ದೆ, ಕೊನೆಗೆ ಟ್ರಕ್ಕಿನ ಬ್ರೇಕಿನಿಂದ ನಿಲ್ಲಿಸಿದೆ. ಹಿಂದಿನ ಎರಡು ಟನ್ನಿಗೆ ಯಾವ ಬ್ರೇಕೂ ಇರಲಿಲ್ಲ, ಮುಂದೆ ಆರು ಮೈಲಿ ಇಳಿಜಾರು. ಚಿಕ್ಕ ಗೇರಿನಲ್ಲಿ ಇಳಿಸಿಬಿಡುತ್ತೇನೆ, ಇದಕ್ಕಿಂತ ಕಡಿದಾದಲ್ಲಿ ಮರದ ದಿಮ್ಮಿ ಇಳಿಸಿದವನು ನಾನು ಎಂದೆ. ನಿನ್ನ ಅಮ್ಮ ಬಾಗಿಲು ತೆಗೆದು ಕೆಳಗಿಳಿದು ನಿಂತಳು.

"ಲೋ ವೆಂಡೆಲ್, ಹಿಂದೆ ನನ್ನ ಮಗಳ ಕುದುರೆ ಇದೆ. ನಿನ್ನ ಜಂಭ ಇಳಿಸ್ಬೇಕಾದ್ರೆ ಒಬ್ಬನೇ ಇಳಿಸ್ಕೊ. ಇದು ರಿಪೇರಿಯಾಗೋವರೆಗೂ ನಾನು ಹತ್ತಲ್ಲ."

ಟ್ರೈಲರಿನ ಒಳಗೆ ಕ್ಲೋವರ್ ಒಮ್ಮೆ ನರಳಿದಳು. ಗಂಟೆ ಹನ್ನೊಂದು ಹತ್ತು. ಸುಳ್ಳು ಹೇಳುವುದಿಲ್ಲ, ಹೆದರಿಕೆಯಾಯಿತು. ಆದರೆ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ದೇವರು ತಲೆಯನ್ನಾದರೂ ಕೊಟ್ಟಿರುತ್ತಾನೆ. ಮೊದಲು ಫ್ಯೂಸು ನೋಡಿದೆ, ಸರಿಯಾಗಿತ್ತು. ಟ್ರಕ್ಕಿನ ಹಿಂದಿನ ಏಳು ತೂತಿನ ಸಾಕೆಟ್ಟಿಗೆ ಪರೀಕ್ಷೆಯ ದೀಪ ಹಿಡಿದು, ಅಕ್ಕನಿಗೆ ಲಿವರ್ ಒತ್ತು ಎಂದೆ. ಕೂತರೆ ಹತ್ತಿದ ಹಾಗಾಗುತ್ತದೆ ಎಂದು ಅವಳು ಹೊರಗೆ ನಿಂತೇ ಕೈ ಚಾಚಿ ಒತ್ತಿದಳು. ದೀಪ ಝಗ್ ಎಂದು ಹತ್ತಿತು. ಅಂದರೆ ಟ್ರಕ್ಕಿನ ತಪ್ಪಿಲ್ಲ. ಇನ್ನು ಟ್ರೈಲರು. ಚಕ್ರದೊಳಗಿನ ಆಯಸ್ಕಾಂತಕ್ಕೆ ಕರೆಂಟು ಬಂದರೆ ಬ್ರೇಕು ಹಿಡಿಯುತ್ತದೆ, ಆದರೆ ಅದು ಬಂತೋ ಇಲ್ಲವೋ ಹೊರಗಿನಿಂದ ಕಾಣುವುದು ಹೇಗೆ? ಆಗ ನಿನ್ನ ದಿಕ್ಸೂಚಿ ನೆನಪಾಯಿತು. ಕಾಡಿನಲ್ಲಿ ದಾರಿ ತಪ್ಪುತ್ತೀಯೆಂದು ನಾನು ಕೊಡಿಸಿದ್ದು, ಕಾಡಿಗೆ ಹೋಗುವಾಗ ಪ್ರತಿ ಸಲವೂ ನೀನು ಟ್ರಕ್ಕಿನಲ್ಲೇ ಮರೆತು ಹೋಗುತ್ತಿದ್ದದ್ದು. ಅದನ್ನು ಚಕ್ರದ ನಡುವಿನ ಗುಂಬಕ್ಕೆ ಹಿಡಿದೆ. ಟ್ರೈಲರು ದಾರಿಯಲ್ಲಿ ಕಳಚಿಕೊಂಡರೆ ತಾನಾಗಿ ಬ್ರೇಕು ಹಿಡಿಯಲೆಂದು ಅದಕ್ಕೇ ಒಂದು ಸಣ್ಣ ಬ್ಯಾಟರಿ ಇದೆಯಲ್ಲ, ಅದರ ಪಿನ್ನು ಎಳೆದೆ. ಮುಳ್ಳು ಕುಣಿಯಿತು, ಅಂದರೆ ಚಕ್ರದ ತಪ್ಪೂ ಇಲ್ಲ. ಪಿನ್ನು ಹಾಕಿ, ಟ್ರಕ್ಕಿನ ವೈರು ಸಿಕ್ಕಿಸಿ ಅಕ್ಕನಿಂದ ಲಿವರ್ ಒತ್ತಿಸಿದೆ. ಮುಳ್ಳು ಉತ್ತರಕ್ಕೆ ಮುಖ ಮಾಡಿ ಸುಮ್ಮನೆ ನಿಂತಿತು.

ನೋಡು, ಗಂಡನೂ ಒಳ್ಳೆಯವನು, ಹೆಂಡತಿಯೂ ಒಳ್ಳೆಯವಳು, ಸಂಸಾರ ಮಾತ್ರ ನಡೆಯುತ್ತಿಲ್ಲ. ಅಂಥಲ್ಲಿ ನಡುವೆ ಇರುವವರನ್ನು ಹಿಡಿಯಬೇಕು. ಟ್ರಕ್ಕಿನಿಂದ ಹೋದ ಕರೆಂಟು ಟ್ರಕ್ಕಿಗೆ ವಾಪಸು ಬರಲು ಒಂದು ದಾರಿ ಬೇಕು. ಆ ದಾರಿಯೇ ಬಿಳಿ ವೈರು, ಮೂಕಿಯ ಕೆಳಗೆ ಕಬ್ಬಿಣಕ್ಕೆ ಒಂದು ಬೋಲ್ಟಿನಿಂದ ಬಿಗಿದಿರುತ್ತದೆ. ಅಂಗಾತ ಮಲಗಿ ಒಳಗೆ ತೂರಿದೆ. ಏನಾಗಿದೆಯೋ ಎಂದು ಅಕ್ಕ ಕೂಗಿದಳು. ಇಲಿ ಕಣೇ, ಇಲಿ ವೈರು ಕಡಿದಿದೆ ಎಂದೆ. ನಿನ್ನ ಕುದುರೆಯ ಗೊರಸು ಕೆರೆಯುವ ಕೊಕ್ಕೆ ತರಿಸಿಕೊಂಡು ಆ ಜಾಗವನ್ನು ಕೆರೆದು ಶುದ್ಧ ಮಾಡಿ, ವೈರು ಇಟ್ಟು, ಬೋಲ್ಟು ಬಿಗಿದೆ. ಅಕ್ಕ ಲಿವರ್ ಒತ್ತಿದಳು. ಮುಳ್ಳು ಗರ್ರನೆ ತಿರುಗಿತು. ಪೆಟ್ಟಿಗೆಯಲ್ಲಿ ಹಸಿರು ದೀಪ. ಹತ್ತು ಗಜ ಉರುಳಿಸಿ ಒತ್ತಿದರೆ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಟ್ರಕ್ಕು ನಿಂತಿತು. ಇನ್ನೊಂದು ಸಲ ಮಾಡು ಎಂದಳು ನಿನ್ನ ಅಮ್ಮ. ಮಾಡಿದೆ. ಆಮೇಲೇ ಹತ್ತಿದಳು.

ಆರು ಮೈಲಿಯನ್ನು ಹೂವಿನ ಬುಟ್ಟಿ ಇಳಿಸಿದ ಹಾಗೆ ಇಳಿಸಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೋಲ್ಟ್ ತಲುಪಿದೆವು. ಡಾಕ್ಟರ್ ಪ್ರೂಯಿಟ್ ತೋಳಿನವರೆಗೆ ಕೈ ಹಾಕಿ ನೋಡಿ, ಕರುಳು ಜಾಗ ಬಿಟ್ಟು ಸರಿದಿದೆ, ತಿರುಚಿಕೊಂಡಿಲ್ಲ, ಇನ್ನೊಂದು ಗಂಟೆ ಕಳೆದಿದ್ದರೆ ನಾನು ಚಾಕು ಹಿಡಿಯುತ್ತಿದ್ದೆ ಎಂದಳು. ಮೂಗಿನಿಂದ ನಳಿಕೆ ಇಳಿಸಿದಳು, ಸೂಜಿ ಚುಚ್ಚಿದಳು, ನಡೆಸಲು ಹೇಳಿದಳು. ನಡೆಸಿದೆವು, ಒಂದು ಸುತ್ತು ಅಕ್ಕ, ಒಂದು ಸುತ್ತು ನಾನು. ಎರಡೂವರೆಗೆ ಕ್ಲೋವರ್ ಬಾಲ ಎತ್ತಿದಳು. ಬ್ರಿಟಾ, ಅರವತ್ತೆರಡು ವರ್ಷದಲ್ಲಿ ನಾನು ಅಷ್ಟು ಚೆಂದದ ಲದ್ದಿ ನೋಡಿಲ್ಲ. ನಿನ್ನ ಅಮ್ಮ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಅಳಲಿಲ್ಲ, ನನ್ನ ಕಣ್ಣಿಗೆ ಹುಲ್ಲಿನ ಧೂಳು ಆಗುವುದಿಲ್ಲ ಅಷ್ಟೇ. ದಾರಿಯ ಕುಲುಕಾಟವೇ ಕೆಲವು ಸಲ ಅರ್ಧ ಔಷಧಿ ಎಂದು ಡಾಕ್ಟರ್ ಹೇಳಿದಳು. ಆ ಕುಲುಕಾಟ ಯಾರ ಕೈಯಿಂದ ಬಂತು ಎಂದು ನಾನು ಬಾಯಿಬಿಟ್ಟು ಹೇಳಬೇಕೇ?

ಶುಂಠಿ ಖಾಲಿಯಾಗಿದ್ದರೆ ಬರೆ, ಕಳಿಸುತ್ತೇನೆ. ಸಮುದ್ರ ನಿನ್ನ ಮೇಲೆ ದಯೆಯಿಡಲಿ, ನಿನ್ನ ಕಾಲ ಕೆಳಗಿನ ಹಲಗೆ ಗಟ್ಟಿಯಾಗಿರಲಿ. ನಿನ್ನ ಅಮ್ಮ ಮುತ್ತು ಕಳಿಸಿದ್ದಾಳೆ, ಕ್ಲೋವರ್ ಎಂಜಲು ಕಳಿಸಿದ್ದಾಳೆ. ಕಾಗದದ ಮೂಲೆಯ ಕಲೆ ಅದೇ.

ನಿನ್ನ ಮಾವ,
ವೆಂಡೆಲ್

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇದೊಂದು, ನಿನ್ನ ಅಮ್ಮ ಕೋಳಿಗೂಡಿಗೆ ಹೋಗಿದ್ದಾಳೆ. ಇಲಿ ಇರಲಿಲ್ಲ. ವೈರು ಹೊಸದರ ಹಾಗಿತ್ತು. ಬೋಲ್ಟಿನ ಬುಡದಲ್ಲಿ ನನ್ನ ನೀಲಿ ಬಣ್ಣ ಎರಡು ಕೋಟು ಇತ್ತು, ಅದರ ಮೂಲಕ ಕರೆಂಟು ಹಾಯುವುದು ಎಲ್ಲಿಂದ ಬಂತು. ಅಂಗಳದ ಶಾಸ್ತ್ರವನ್ನೂ ನಾನು ಮಾಡಿರಲಿಲ್ಲ. ಅವಸರ ಇತ್ತು, ಸಿಕ್ಕಿಸಿದವನು ನಾನೇ ಅಲ್ಲವೇ ಎಂಬ ಧೈರ್ಯವೂ ಇತ್ತು. ಗೊರಸಿನ ಕೊಕ್ಕೆಯ ತುದಿಗೆ ನೀಲಿ ಅಂಟಿಕೊಂಡಿದೆ. ನಿನ್ನ ಅಮ್ಮ ಅದನ್ನು ತೊಳೆಯದೆ ಅಡುಗೆಮನೆಯಲ್ಲಿ ನಾನು ಕೂರುವ ಕುರ್ಚಿಯ ಎದುರಿನ ಮೊಳೆಗೆ ತೂಗುಹಾಕಿದ್ದಾಳೆ. ನೀನು ಹಬ್ಬಕ್ಕೆ ಬಂದಾಗ ಟ್ರೈಲರು ನಾನೇ ಸಿಕ್ಕಿಸಿಕೊಡುತ್ತೇನೆ, ಎಲ್ಲ ನೋಡಿದ್ದೇನೆ ಹೋಗು ಎನ್ನುತ್ತೇನೆ, ನನ್ನ ಬಾಯಿ ನಿನಗೆ ಗೊತ್ತು. ನೀನು ಮಾತ್ರ ಹತ್ತು ಗಜ ಉರುಳಿಸಿ, ಲಿವರ್ ಒತ್ತಿ ನೋಡು. ನಾನು ನೋಡುತ್ತಾ ನಿಂತಿದ್ದರೂ ಸರಿ.