ನೆರಳಲ್ಲಿ ಒಣಗಿಸಿದ ಮರುಗ

ಗಿರ್ಗಾ
ಭಾನುವಾರ, 14 ಅಕ್ಟೋಬರ್ 2018

ಪ್ರೀತಿಯ ತಮ್ಮ ಖಲಫ್‌ಗೆ ಅಕ್ಕ ವಸೀಲಾಳ ಆಶೀರ್ವಾದ.

ಬೆನ್ನುನೋವು ಹೇಗಿದೆ? ಏಸಿ ಕೆಳಗೆ ಬರಿಮೈಯಲ್ಲಿ ಮಲಗಬೇಡ ಎಂದು ಎಷ್ಟು ಸಲ ಹೇಳಿದ್ದೇನೆ! ಅಪ್ಪನ ಹಾಗೆ ನಿನಗೂ ಕಿವಿ ಇರುವುದು ರುಮಾಲು ನಿಲ್ಲಲಿಕ್ಕೆ ಮಾತ್ರ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಹೇಳಬೇಕಾದ್ದು ಮರೆಯುತ್ತೇನೆ. ಅದಕ್ಕೇ ನೀನಿರುವ ಕುವೈತಿಗೆ ಹೊರಟ ನಮ್ಮ ಓಣಿಯ ಹಿಂದಾವಿ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನನ್ನ ರಶ್ವಾನ್ ಹೋಗಿ ನಾಳೆಗೆ ನಲವತ್ತು ದಿನ. ನಾನಿನ್ನೂ ಯಾರ ಸಂತಾಪವನ್ನೂ ಸ್ವೀಕರಿಸಿಲ್ಲ. ಬಂದವರಿಗೆ ಕುರ್ಚಿ ಹಾಕಿಲ್ಲ, ಸಕ್ಕರೆಯಿಲ್ಲದ ಕಾಫಿ ಕೊಟ್ಟಿಲ್ಲ. ಕೊಲೆಯಾದವನ ಮನೆಯಲ್ಲಿ ಸೇಡು ತೀರುವ ತನಕ ನಮ್ಮಲ್ಲಿ ಹಾಗೆಯೇ ತಾನೇ? ಪಕ್ಕದ ಮನೆಯ ನಬವಿಯ್ಯಾ, “ಯಾರೂ ಗುಂಡು ಹಾರಿಸಿಲ್ಲ ಕಣೇ, ನಿನ್ನ ಮಗ ತಾನಾಗೇ ಸೇದಿ ಸತ್ತ. ಸೇಡು ಯಾರ ಮೇಲೆ, ಸಿಗರೇಟಿನ ಮೇಲಾ?” ಎಂದಳು. “ನಿನ್ನ ನಾಲಿಗೆಯಿಂದಲೇ ಶುರು ಮಾಡ್ಲಾ?” ಎಂದೆ. ಅಂದಿನಿಂದ ಅವಳು ಛಾವಣಿಗೆ ಬಟ್ಟೆ ಹರವಲೂ ಬರುವುದಿಲ್ಲ.

ಟುಕ್‌ಟುಕ್ ಓಡಿಸುವವರೆಲ್ಲ ಸೇದುವ ಸ್ಟ್ರಾಕ್ಸನ್ನೇ ಅವನೂ ಸೇದಿದ್ದು. ಹಶೀಶಿಗಿಂತ ಅಗ್ಗ, ಬರೀ ಗಿಡದೆಲೆ ಎಂದುಕೊಂಡಿದ್ದ. ಎರಡು ತಿಂಗಳಲ್ಲಿ ಸೊರಗಿಹೋದ. ಗೋಡೆಯ ಜೊತೆ ಜಗಳವಾಡುತ್ತಿದ್ದ, ಉಂಡದ್ದನ್ನೆಲ್ಲ ಕಕ್ಕುತ್ತಿದ್ದ. ಆ ದಿನ ಸಂತೆಬೀದಿಯಲ್ಲಿ ಸೆಟೆದು ಬಿದ್ದ. ಆಸ್ಪತ್ರೆಗೆ ಒಯ್ಯುವಾಗ ಅವನ ಎದೆ ನನ್ನ ಅಂಗೈ ಕೆಳಗೆ ಹುಚ್ಚೆದ್ದು ಬಡಿಯುತ್ತಿತ್ತು. ಆಮೇಲೆ ನಿಂತಿತು. ಡಾಕ್ಟರು, “ಇದು ಗಿಡದ ಅಮಲಲ್ಲಮ್ಮಾ, ಎಲೆಗೆ ಸಿಂಪಡಿಸಿದ ರಾಸಾಯನಿಕ. ಒಂದೇ ಪೊಟ್ಟಣದಲ್ಲಿ ಒಂದು ಚಿಟಿಕೆಗೆ ಏನೂ ಆಗಲ್ಲ, ಇನ್ನೊಂದಕ್ಕೆ ಜೀವವೇ ಹೋಗ್ತದೆ” ಎಂದರು.

ಅವನ ಜೇಬಿನಲ್ಲಿದ್ದ ಪೊಟ್ಟಣವನ್ನು ಮನೆಯಲ್ಲಿ ಬಿಚ್ಚಿ ನೋಡಿದೆ. ಮರುಗ, ಹಸಿರು ಮಾಸದ್ದು. ಎಲ್ಲರೂ ಬಿಸಿಲಲ್ಲಿ ಒಣಗಿಸಿ ಹುಲ್ಲು ಮಾಡುತ್ತಾರೆ. ನಾನೊಬ್ಬಳೇ ನೆರಳಲ್ಲಿ ಒಣಗಿಸಿ ಹಸಿರು ಉಳಿಸುವವಳು. ನನ್ನ ಅಂಗಡಿಯ ಮರುಗ, ಖಲಫ್! ಅದನ್ನು ಮೂಟೆಗಟ್ಟಲೆ ಒಯ್ಯುತ್ತಿದ್ದವನು ಅತಿಯ್ಯಾ ಒಬ್ಬನೇ. “ಅವನು ನನ್ನ ಗೆಳೆಯ, ಅಕ್ಕ, ಹೊರದೇಶಕ್ಕೆ ಕಷಾಯದ ಸೊಪ್ಪು ಕಳಿಸ್ತಾನೆ, ಅವನಿಗೇ ಕೊಡು” ಎಂದಿದ್ದೆಯಲ್ಲ, ನಾನೂ ಹಿಗ್ಗಿ ಹಿಗ್ಗಿ ಆರಿಸಿ ಕೊಟ್ಟೆ. ಈಗ ಈ ಕೈ ನೋಡಿಕೊಂಡರೆ ಅಸಹ್ಯವಾಗುತ್ತದೆ. ಹೊಟ್ಟೆಯ ಬೆಂಕಿ ಆರುತ್ತಿಲ್ಲ; ಆರುವುದು ನನಗೆ ಬೇಕಾಗಿಯೂ ಇಲ್ಲ.

ಮಣ್ಣು ಮಾಡಿದ ದಿನ ನೀನು ಫೋನಿನಲ್ಲಿ, “ಹೆಸರು ಹೇಳು ಅಕ್ಕ, ಯಾರೇ ಆಗಿರ್ಲಿ, ಬಂದು ಮುಗಿಸ್ತೀನಿ” ಎಂದು ಆಣೆಯಿಟ್ಟೆ. ಆ ಮಾತೊಂದನ್ನೇ ಹಿಡಿದುಕೊಂಡು ಇಷ್ಟು ದಿನ ಕಳೆದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಕಣ್ಣು ಕೊಡಲಿ.

ನಿನ್ನ ಅಕ್ಕ,
ವಸೀಲಾ

ತಾ.ಕ.: ಹಿಂದಾವಿ ಅವಸರ ಮಾಡುತ್ತಿದ್ದಾನೆ. ಹೆಸರು ಸಿಕ್ಕಿತು. ಮೊನ್ನೆ ಅತಿಯ್ಯಾನ ಕೊರಳಪಟ್ಟಿ ಹಿಡಿದೆ. “ಎಲೆಗೆ ಹಾಕೋ ಪುಡಿ ನಂದಲ್ಲ ಖಾಲಾ, ಕುವೈತಿಂದ ಬರ್ತದೆ, ನಿನ್ನ ತಮ್ಮನ್ನೇ ಕೇಳು” ಎಂದು ಹಾಲಿನಪುಡಿಯ ಡಬ್ಬಿಯೊಂದನ್ನು ಎದುರಿಗಿಟ್ಟ. ಮುಚ್ಚಳದ ಮೇಲೆ ನಿನ್ನ ಕೈಬರಹ. ಅಂಗಳದ ಮಣ್ಣಿನಲ್ಲಿ ನಿನ್ನ ಬೆರಳು ಹಿಡಿದು ನಾನು ತಿದ್ದಿಸಿದ ಅಕ್ಷರ. ಇದರ ಜೊತೆಗಿರುವ ಗಂಟಿನಲ್ಲಿ ಏಳು ಗಜ ಬಿಳಿ ಬಟ್ಟೆ ಇದೆ, ಹೆಣಕ್ಕೆ ಸುತ್ತುವಂಥದ್ದು, ನಿನ್ನ ಕಫನ್. ಕೊಂದವನು ತನ್ನ ಕಫನ್ನನ್ನು ಎರಡು ಕೈಯಲ್ಲಿ ಹೊತ್ತು, ಬರಿಗಾಲಲ್ಲಿ, ಸತ್ತವನ ಮನೆಬಾಗಿಲಿಗೆ ನಡೆದು ಬರಬೇಕೆಂಬ ಪದ್ಧತಿ ನಿನಗೆ ಗೊತ್ತು. ಊರೆಲ್ಲ ನೋಡುವ ಹಾಗೆ ಹಗಲಲ್ಲೇ ಬಾ. ಕ್ಷಮಿಸುತ್ತೇನೆಂದು ನಾನು ಹೇಳಿಲ್ಲ. ಬಾರದಿದ್ದರೂ ನಿನ್ನನ್ನು ಹುಡುಕುತ್ತಾರೆ. ಡಬ್ಬಿಯನ್ನೂ ಪೊಟ್ಟಣವನ್ನೂ ಇವತ್ತು ಬೆಳಿಗ್ಗೆ ಸರ್ಕಾರಿ ವಕೀಲರ ಕಚೇರಿಯಲ್ಲಿ ಒಪ್ಪಿಸಿ, ರಶ್ವಾನನನ್ನು ಕೊಂದವರ ಹೆಸರು ಬರೆಸಿ ಬಂದಿದ್ದೇನೆ. ಮೊದಲು ನನ್ನ ಹೆಸರು, ಅದರ ಕೆಳಗೆ ನಿನ್ನದು.