ಕೆಸರು ನೋಡುವವರು

ಆಗಸ್ಟ್ ೧೪, ಗುರುವಾರ

ಎಷ್ಟು ಉಜ್ಜಿದರೂ ಕೈಯಿಂದ ಕೆಸರಿನ ವಾಸನೆ ಹೋಗುತ್ತಿಲ್ಲ. ಇರಲಿ ಬಿಡು.

ಪರಿಹಾರದ ಹೊಣೆಯನ್ನು ಕೇಂದ್ರ ಪೂರ್ತಿ ರಾಜ್ಯದ ಹೆಗಲಿಗೆ ಹಾಕಿದ ಮೇಲೆ ಬಂದ ಮೊದಲ ನೆರೆ ಇದು. ನಮ್ಮ ಕೈಲಾಗುತ್ತಾ ಅಂತ ಇಲ್ಲಿನ ಪರಿಹಾರ ಅಧಿಕಾರಿಯಾದ ನನಗೇ ಅಳುಕಿತ್ತು.

ಹೊಳೆಬದಿಯ ಬೀದಿಯಲ್ಲಿ ನೀರು ಇಳಿದಿದೆ, ಆದರೆ ಯಾರೂ ಪೊರಕೆ ಮುಟ್ಟಿಲ್ಲ. ಪಾದ ಮುಳುಗುವ ಕೆಸರಿನ ನಡುವೆ ಟೈಲರ್ ಅಜ್ಜಿ ತಮ್ಮ ಅಂಗಡಿಯ ಮೇಜಿನ ಮೇಲೆ ಕಾಲು ಮಡಚಿ ಕೂತಿದ್ದರು.

"ತೊಳೆದುಬಿಟ್ರೆ ಕೇಂದ್ರದೋರು ಬಂದು ಏನು ನೋಡ್ತಾರೆ? ಹೋದ ಸಲ ತೊಳೆದಿದ್ದೆ. ಹಾನಿನೇ ಆಗಿಲ್ಲ ಅಂದುಬಿಟ್ರು."

"ಈ ಸಲ ಅವರು ಬರಲ್ಲ ಅಜ್ಜಿ. ನೋಡೋರು ನಾವೇ. ನೋಡಿದ್ದಾಯ್ತು, ತೊಳೀರಿ."

ಅವರಿಗೆ ನಂಬಿಕೆ ಬರಲಿಲ್ಲ. "ನಿನ್ನ ಮೇಲಿನೋರು ಯಾರಮ್ಮ?"

"ಇದಕ್ಕೆ ನನ್ನ ಮೇಲೆ ಯಾರೂ ಇಲ್ಲ."

ಹೇಳುವಾಗ ಎದೆ ಧಸಕ್ಕೆಂದಿತು, ಆಮೇಲೆ ಉಬ್ಬಿತು. ನೆನೆದ ಹೊಲಿಗೆ ಯಂತ್ರದ ಫೋಟೋ ತೆಗೆದು, ಅಲ್ಲೇ ಪರಿಹಾರಕ್ಕೆ ಸಹಿ ಹಾಕಿ, ಪೊರಕೆ ನಾನೇ ಎತ್ತಿಕೊಂಡೆ. ಸಂಜೆ ಹೊತ್ತಿಗೆ ಬೀದಿ ತುಂಬ ಪೊರಕೆ ಸದ್ದು. ಇಷ್ಟು ಚೆಂದದ ಸದ್ದು ನಾನು ಕೇಳಿಲ್ಲ.

ಮನೆಗೆ ಬಂದರೆ ನಮ್ಮ ಅಡುಗೆಮನೆಯಲ್ಲೂ ಕೆಸರು ಹಾಗೇ ಇದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಆಫೀಸರಮ್ಮ ಬಂದು ನೋಡ್ಲಿ ಅಂತ ಬಿಟ್ಟಿದೀನಿ. ನೋಡಿದ್ದಾಯ್ತಲ್ಲ, ತೊಳಿ."

ಅಜ್ಜಿಗೆ ಸುಳ್ಳು ಹೇಳಿದೆ. ನನ್ನ ಮೇಲೆ ಅಮ್ಮ ಇದ್ದಾಳೆ.